ಟ್ರಾಲಿ ಕೊಳ್ಳುವಾಗ, ಮಾರುವಾಗ ಆರ್‌ಸಿ ಹೆಸರು ಬದಲಾಯಿಸುವುದು ಹೇಗೆ: ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಪೂರ್ತಿ ಮಾಹಿತಿ

ಟ್ರ್ಯಾಕ್ಟರ್ ಆರ್‌ಸಿ (ನೋಂದಣಿ ಪತ್ರ) ನಿಮ್ಮ ಹೆಸರಿಗೆ ಬಂತು ಅಂದಮಾತ್ರಕ್ಕೆ ಅದರ ಹಿಂದಿನ ಟ್ರಾಲಿಯೂ ನಿಮ್ಮದಾಯಿತು ಅಂತಲ್ಲ. ಕಾನೂನಿನ ಲೆಕ್ಕದಲ್ಲಿ ಅವು ಎರಡು ಗಾಡಿ. ಎರಡಕ್ಕೂ ಬೇರೆ ನಂಬರ್, ಬೇರೆ ಚಾಸಿ ನಂಬರ್, ಬೇರೆ ಆರ್‌ಸಿ. ಟ್ರಾಲಿಗೆ ಇಂಜಿನ್ ಇಲ್ಲ, ನಿಜ. ಆದರೂ 1988ರ ಮೋಟಾರು ವಾಹನ ಕಾಯ್ದೆ ಟ್ರಾಲಿಯನ್ನು, ಅದರ ಭಾಷೆಯಲ್ಲಿ ಟ್ರೇಲರನ್ನು, ಮೋಟಾರು ವಾಹನ ಅಂತಲೇ ಲೆಕ್ಕ ಹಿಡಿಯುತ್ತದೆ. ಬೇರೆ ವಾಹನಗಳ ನೋಂದಣಿಗೆ ಇರುವ ನಿಯಮವೇ ಟ್ರೇಲರ್‌ಗೂ ಅನ್ವಯ ಅಂತ ಅದೇ ಕಾಯ್ದೆಯ 61ನೇ ಸೆಕ್ಷನ್ ಹೇಳುತ್ತದೆ.

ನಮ್ಮ ಕಡೆ ಗೊಂದಲ ಆಗುವುದು ಇಲ್ಲೇ. ಶೋರೂಮಿನಿಂದ ಟ್ರ್ಯಾಕ್ಟರ್, ಟ್ರಾಲಿ ಒಟ್ಟಿಗೆ ತಂದರೆ ಎರಡಕ್ಕೂ ಸಾಮಾನ್ಯವಾಗಿ ಹಿಂದೆ ಮುಂದೆ ನಂಬರ್ ಸಿಗುತ್ತವೆ. ಟ್ರ್ಯಾಕ್ಟರ್ ಕೊನೆಯ ಅಂಕಿ 4 ಇದ್ದರೆ ಟ್ರಾಲಿಯದ್ದು 5. ಹಂಗಾಗಿ ಜನ ಎರಡನ್ನೂ ಒಂದೇ ಅಂತ ಭಾವಿಸುತ್ತಾರೆ. ಭತ್ತದ ಸುಗ್ಗಿ ಮುಗಿದ ಮೇಲೆ ಸಿಂಧನೂರು, ಗಂಗಾವತಿ, ಕಾರಟಗಿ, ಸಿರುಗುಪ್ಪ ಕಡೆ ಹಳೆ ಟ್ರ್ಯಾಕ್ಟರ್ ವ್ಯಾಪಾರ ನಡೆಯುವಾಗ ಈ ಮಾತು ಕೇಳದೆ ಇರುವವರೇ ಇಲ್ಲ:

"ಅಣ್ಣಾರ, ಟ್ರಾಲಿದು ಆರ್‌ಸಿ ಎಲ್ಲೈತ್ರಿ?"

"ಟ್ರ್ಯಾಕ್ಟರ್ ಬುಕ್ಕಿನಾಗ ಐತ್ ಬಿಡ್ರಿ, ಎರಡೂ ಒಂದ ಅಲ್ಲೇನು."

ಈ ಉತ್ತರ ಕೇಳಿದರೆ ಅಡ್ವಾನ್ಸ್ ಜೇಬಿನಲ್ಲೇ ಇಟ್ಟುಕೊಳ್ಳಿ.

ಬಾಂಡ್ ಪೇಪರ್ ಯಾಕೆ ಸಾಲುವುದಿಲ್ಲ

ಸ್ಟಾಂಪ್ ಪೇಪರ್ ಮೇಲೆ ಬರೆಸಿ, ಇಬ್ಬರು ಸಾಕ್ಷಿ ಸಹಿ ಹಾಕಿಸಿ, ನೋಟರಿ ಸೀಲು ಒತ್ತಿಸಿದರೆ ಮಾರಾಟ ಮುಗಿಯಿತು ಅಂತ ಎರಡೂ ಕಡೆಯವರು ನಂಬುತ್ತಾರೆ. ಆ ಕಾಗದ ಇರಲಿ, ಒಳ್ಳೆಯದೇ. ಆದರೆ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಕಾಯ್ದೆಯಲ್ಲಿ ಮಾಲೀಕ ಅಂದರೆ ಯಾರ ಹೆಸರಿಗೆ ವಾಹನ ನೋಂದಣಿ ಆಗಿದೆಯೋ ಅವರು. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಕಾರಿನ ಪ್ರಕರಣ ಬಂದಿತ್ತು. ಕಾರು ಒಬ್ಬರಿಂದ ಒಬ್ಬರಿಗೆ ಹೀಗೆ ಹಲವರ ಕೈ ದಾಟಿತ್ತು, ಆದರೆ ಆರ್‌ಸಿಯಲ್ಲಿ ಮೊದಲಿನವರ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರಕ್ಕೆ ಹೊಣೆ ಆ ಮೊದಲಿನವರೇ ಅಂತ ಕೋರ್ಟ್ ಹೇಳಿತು. ಟ್ರಾಲಿಗೂ ಇದೇ ಲೆಕ್ಕ.

ಹಾಗಾಗಿ ಹೆಸರು ಬದಲಾವಣೆ ಕೊಳ್ಳುವವರ ಕೆಲಸ, ನಮಗೇನು ಅಂತ ಮಾರುವವರು ಸುಮ್ನೆ ಕೂರಬಾರದು. ನಿಮ್ಮ ಹೆಸರಿನ ಟ್ರಾಲಿ ತುಂಗಭದ್ರಾ ದಂಡೆಯಲ್ಲಿ ಅಕ್ರಮ ಮರಳು ಹೊತ್ತು ಸಿಕ್ಕಿಬಿದ್ದರೆ ಮೊದಲು ನೋಟಿಸ್ ಬರುವುದು ನಿಮ್ಮ ಮನೆಗೆ. ನನ್ನ ಪ್ರಕಾರ ವರ್ಗಾವಣೆಗೆ ಓಡಾಡಬೇಕಾದ ಅವಸರ ಕೊಳ್ಳುವವರಿಗಿಂತ ಮಾರುವವರಿಗೇ ಜಾಸ್ತಿ ಇರಬೇಕು.

ಗಡುವೂ ಇದೆ. 50ನೇ ಸೆಕ್ಷನ್ ಪ್ರಕಾರ ಮಾರಿದವರು 14 ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಬೇರೆ ರಾಜ್ಯದಲ್ಲಿ ನೋಂದಣಿಯಾದ ಗಾಡಿಯಾದರೆ 45 ದಿನ. ಕೊಂಡವರು 30 ದಿನದೊಳಗೆ ತಾವು ವಾಸವಿರುವ ಕಡೆಯ ಆರ್‌ಟಿಒಗೆ ಅರ್ಜಿ ಹಾಕಬೇಕು.

ದುಡ್ಡು ಕೊಡುವ ಮುಂಚೆ ನೋಡಬೇಕಾದ್ದು

ಮೊದಲ ಕೆಲಸ, ಟ್ರಾಲಿಯ ಅಸಲಿ ಆರ್‌ಸಿ ಕೈಗೆ ತೆಗೆದುಕೊಳ್ಳಿ. ಜೆರಾಕ್ಸ್ ಅಲ್ಲ. ಅದರಲ್ಲಿರುವ ಚಾಸಿ ನಂಬರನ್ನು ಟ್ರಾಲಿ ಮೇಲಿನ ನಂಬರ್ ಜೊತೆ ಒಂದೊಂದೇ ಅಕ್ಷರ ಕೂಡಿಸಿ ನೋಡಿ. ಟ್ರಾಲಿಯಲ್ಲಿ ಈ ನಂಬರ್ ಅಡಿಗಟ್ಟಿನ ಕಬ್ಬಿಣದ ಮೇಲೆ ಒತ್ತಿರುತ್ತದೆ. ತುಕ್ಕು, ಮಣ್ಣು, ಮೇಲೆ ಮೇಲೆ ಬಳಿದ ಪೇಂಟ್ ಸೇರಿ ಎಷ್ಟೋ ಟ್ರಾಲಿಗಳಲ್ಲಿ ಅದು ಕಾಣುವುದೇ ಇಲ್ಲ. ಡೀಸೆಲ್ ಬಟ್ಟೆಯಿಂದ ಒರೆಸಿ, ಉಪ್ಪುಕಾಗದದಿಂದ ಹಗುರಾಗಿ ತಿಕ್ಕಿ, ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರ ಮೂಡುತ್ತವೆ. ಈ ಚಾಸಿ ಪ್ರಿಂಟ್ ಮುಂದೆ ಅರ್ಜಿಗೂ ಬೇಕಾಗುತ್ತದೆ, ಎರಡು ಮೂರು ಪ್ರತಿ ತೆಗೆದಿಡಿ. ಗ್ರೈಂಡರ್ ಮಾತ್ರ ಹಿಡಿಯಬೇಡಿ. ನಂಬರ್ ಅಳಿಸಿತೆಂದರೆ ಟ್ರಾಲಿ ನಿಮ್ಮದೇ ಅಂತ ತೋರಿಸುವುದೇ ಕಷ್ಟ. ಟ್ರಾಲಿಗೆ ಬೇರೆ ಕಡೆಯಿಂದ ಕಬ್ಬಿಣ ತಂದು ವೆಲ್ಡಿಂಗ್ ಮಾಡಿಸಿದ್ದರೆ, ನಂಬರ್ ಇರುವ ಭಾಗ ಹಳೆಯದೇ ಉಳಿದಿದೆಯಾ ನೋಡಿ.

ಎರಡನೆಯದು, ಎಂಪರಿವಾಹನ್ ಆ್ಯಪ್‌ನಲ್ಲಿ ಟ್ರಾಲಿಯ ನಂಬರ್ ಹಾಕಿ ನೋಡಿ. ಟ್ರ್ಯಾಕ್ಟರ್ ನಂಬರ್ ಅಲ್ಲ, ಟ್ರಾಲಿಯದ್ದು. ಮಾಲೀಕರ ಹೆಸರು, ವಾಹನದ ವರ್ಗ, ನೋಂದಣಿ ಯಾವಾಗ ಮುಗಿಯುತ್ತದೆ, ಇನ್ಶೂರೆನ್ಸ್ ಇದೆಯಾ ಎಂಬುದು ಅಲ್ಲೇ ಗೊತ್ತಾಗುತ್ತದೆ. ಹಳೆ ಪುಸ್ತಕದ ಆರ್‌ಸಿ ಇರುವ ಟ್ರಾಲಿಗಳ ವಿವರ ಕೆಲವೊಮ್ಮೆ ಬರುವುದೇ ಇಲ್ಲ, ಅಥವಾ ಅರ್ಧಂಬರ್ಧ ಬರುತ್ತದೆ. ಹಾಗಿದ್ದರೆ ಮಾರುವವರೇ ಅಸಲಿ ಪುಸ್ತಕ ಹಿಡಿದು ಆರ್‌ಟಿಒಗೆ ಹೋಗಿ ಕಂಪ್ಯೂಟರ್‌ಗೆ ಏರಿಸಿಕೊಂಡು ಬರಬೇಕು. ಅದಾಗುವ ತನಕ ಆನ್‌ಲೈನ್ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ವರ್ಗದ ಕಾಲಂ ಚೆನ್ನಾಗಿ ನೋಡಿ. ಕೃಷಿ ಟ್ರೇಲರ್ ಅಂತ ಇದೆಯೋ, ಕಮರ್ಷಿಯಲ್ ಅಂತ ಇದೆಯೋ? ಕಮರ್ಷಿಯಲ್ ಆದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ), ತೆರಿಗೆ ಎಲ್ಲವೂ ಚಾಲ್ತಿಯಲ್ಲಿರಬೇಕು. ಕೃಷಿ ಅಂತ ಇದ್ದು ನೀವು ಬಾಡಿಗೆಗೆ ಜಲ್ಲಿ, ಇಟ್ಟಿಗೆ ಹೊಡೆಯಬೇಕು ಅಂತ ಕೊಳ್ಳುತ್ತಿದ್ದರೆ ಅದು ತಪ್ಪು ಟ್ರಾಲಿ. ಅಪಘಾತವಾದ ದಿನ ಇನ್ಶೂರೆನ್ಸ್ ಕಂಪನಿ ಮೊದಲು ಹಿಡಿಯುವುದೇ ಈ ಎಳೆಯನ್ನು. ಸಾರಿಗೆಯೇತರ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಗಿದಿದ್ದರೆ ಫಾರಂ 25ರಲ್ಲಿ ನವೀಕರಣ ಮೊದಲು, ಹೆಸರು ಬದಲಾವಣೆ ಆಮೇಲೆ. ನವೀಕರಣದ ಖರ್ಚು ಯಾರದ್ದು ಅಂತ ರೇಟು ಮಾತಾಡುವಾಗಲೇ ತೀರ್ಮಾನ ಆಗಲಿ.

ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟನ್ನೂ ಮರೆಯಬೇಡಿ. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ವಾಹನಗಳಿಗೆ ಈ ಪ್ಲೇಟ್ ಕಡ್ಡಾಯ ಅಂತ ನಮ್ಮ ಸಾರಿಗೆ ಇಲಾಖೆ 2023ರಲ್ಲಿ ಹೊರಡಿಸಿದ ಆದೇಶದಲ್ಲಿ ಟ್ರ್ಯಾಕ್ಟರ್, ಟ್ರೇಲರ್ ಎರಡರ ಹೆಸರೂ ಇದೆ. ಪ್ಲೇಟ್ ಇಲ್ಲದಿದ್ದರೆ ಮಾಲೀಕತ್ವ ವರ್ಗಾವಣೆ, ವಿಳಾಸ ಬದಲಾವಣೆ, ಸಾಲದ ನಮೂದು ತೆಗೆಯುವ ಸೇವೆ ಕೊಡುವುದಿಲ್ಲ ಅಂತಲೂ ಅದರಲ್ಲಿದೆ. ಟ್ರ್ಯಾಕ್ಟರ್‌ಗೆ ಹಾಕಿಸಿ ಟ್ರಾಲಿಯನ್ನು ಬಿಟ್ಟವರು ಊರಿಗೊಬ್ಬರು ಸಿಗುತ್ತಾರೆ.

ಆರ್‌ಸಿಯೇ ಇಲ್ಲದ ಟ್ರಾಲಿ

ಇದಕ್ಕೆ ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಮೂರೂ ಜಿಲ್ಲೆಯಲ್ಲಿ ಇಂಥವು ಬಹಳ. ಊರ ವರ್ಕ್‌ಶಾಪಿನಲ್ಲಿ ಕಬ್ಬಿಣ ತಂದು ಕೊಟ್ಟು ಮಾಡಿಸಿದ ಟ್ರಾಲಿ ಗಟ್ಟಿಯಾಗಿಯೇ ಇರುತ್ತದೆ, ಅಗ್ಗವೂ ಹೌದು. ಆದರೆ ನೋಂದಣಿ ಆಗಬೇಕಾದರೆ ತಯಾರಕರು ಕೊಡುವ ಮಾರಾಟ ಪತ್ರ, ಅಂದರೆ ಫಾರಂ 21, ಮತ್ತು ರಸ್ತೆಗೆ ಯೋಗ್ಯ ಅನ್ನುವ ಫಾರಂ 22 ಬೇಕು. ಅನುಮೋದನೆ ಇಲ್ಲದ ವರ್ಕ್‌ಶಾಪ್ ಇವನ್ನು ಕೊಡಲು ಬರುವುದಿಲ್ಲ. "ಆಮೇಲೆ ಪಾಸಿಂಗ್ ಮಾಡಿಸ್ಕೊಳ್ರಿ, ನಮ್ಮ ಏಜೆಂಟ್ ಅದಾನ" ಅನ್ನುವ ಮಾತಿಗೆ ಬೆಲೆ ಕಟ್ಟಬೇಡಿ. ನೋಂದಣಿ ಇಲ್ಲದ ವಾಹನ ರಸ್ತೆಗೆ ಇಳಿಸಿದರೆ 192ನೇ ಸೆಕ್ಷನ್ ಪ್ರಕಾರ ಮೊದಲ ಸಲ 2,000ದಿಂದ 5,000 ರೂಪಾಯಿ ದಂಡ. ಅದಕ್ಕಿಂತ ದೊಡ್ಡ ಪೆಟ್ಟು ಇನ್ಶೂರೆನ್ಸ್ ಸಿಗದೆ ಇರುವುದು. ವರ್ಗಾವಣೆ ಮಾಡಲು ಅಲ್ಲಿ ಏನೂ ಇಲ್ಲ. ಇನ್ನೊಬ್ಬರ ಟ್ರಾಲಿಯ ಆರ್‌ಸಿ ತಂದು ಇದಕ್ಕೆ ಹೊಂದಿಸುತ್ತೇನೆ ಅಂದರೆ ಅದು ನೇರ ವಂಚನೆ, ಎದ್ದು ಬನ್ನಿ.

ಸಾಲ ಇದ್ದರೆ

ಟ್ರ್ಯಾಕ್ಟರ್, ಟ್ರಾಲಿ ಎರಡೂ ಒಂದೇ ಸಾಲದಲ್ಲಿ ಬಂದಿದ್ದರೆ ಎರಡರ ಆರ್‌ಸಿಯಲ್ಲೂ ಬ್ಯಾಂಕಿನ ಹೆಸರು ಇರುತ್ತದೆ. ಜನ ಇದನ್ನು ಎಚ್‌ಪಿ ಅನ್ನುತ್ತಾರೆ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಸಹಿ, ಸೀಲು ಇರುವ ಫಾರಂ 35 ತರಬೇಕು. ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಬ್ಯಾಂಕಿನ ಪತ್ರದಲ್ಲಿ ಟ್ರ್ಯಾಕ್ಟರ್ ನಂಬರ್ ಜೊತೆ ಟ್ರಾಲಿ ನಂಬರೂ ಇರಬೇಕು, ಫಾರಂ 35 ಎರಡಕ್ಕೂ ಬೇರೆ ಬೇರೆ ಬೇಕು. ಟ್ರ್ಯಾಕ್ಟರ್‌ದು ಮಾತ್ರ ತಂದು ಕೆಲಸ ಮುಗಿಸಿದರೆ ಟ್ರಾಲಿಯ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಂಗೇ ಉಳಿಯುತ್ತದೆ. ಹತ್ತು ವರ್ಷದ ನಂತರ ಮಾರಲು ಹೋದಾಗ ಅದೇ ಶಾಖೆ ಇನ್ನೊಂದು ಬ್ಯಾಂಕಿನ ಜೊತೆ ವಿಲೀನವಾಗಿರುತ್ತದೆ, ಹಳೆ ಫೈಲ್ ಹುಡುಕುವವರು ಯಾರು? ಫೈನಾನ್ಸ್ ಕಂಪನಿಯಾದರೆ ಬಾಗಿಲೇ ಮುಚ್ಚಿರಬಹುದು.

ಟ್ರ್ಯಾಕ್ಟರ್ ಸಾಲಕ್ಕೆ ಜಮೀನನ್ನೂ ಅಡವಿಟ್ಟಿದ್ದರೆ ಪಹಣಿಯ ಮೇಲಿನ ಬೋಜಾ ಇಳಿಸಿಕೊಳ್ಳುವುದು ಮಾರುವವರ ಬೇರೆ ಕೆಲಸ. ಅದಕ್ಕೂ ಆರ್‌ಟಿಒಗೂ ಸಂಬಂಧ ಇಲ್ಲ. ಆದರೆ ಬ್ಯಾಂಕಿಗೆ ಹೋದಾಗಲೇ ಆ ಪತ್ರವನ್ನೂ ಕೇಳಿ ಪಡೆದರೆ ಇನ್ನೊಂದು ಓಡಾಟ ತಪ್ಪುತ್ತದೆ.

ಸಾಲ ತೀರದ ಟ್ರಾಲಿಯನ್ನು, ಉಳಿದ ಕಂತು ನಾನೇ ಕಟ್ಟಿಕೊಂಡು ಹೋಗ್ತೀನಿ ಅಂತ ಬಾಯಿಮಾತಿನಲ್ಲಿ ತೆಗೆದುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಬ್ಯಾಂಕಿನ ಒಪ್ಪಿಗೆ ಇಲ್ಲದೆ ಹೆಸರು ಬದಲಾಗುವುದಿಲ್ಲ. ಕಂತು ನೀವು ಕಟ್ಟುತ್ತೀರಿ, ಗಾಡಿ ಅವರ ಹೆಸರಿನಲ್ಲೇ ಇರುತ್ತದೆ. ನಾನಂತೂ ಬೇಡ ಅನ್ನುತ್ತೇನೆ.

ಅರ್ಜಿ ಹಾಕುವುದು

ಬೇಕಾಗುವ ಕಾಗದ ಇಷ್ಟು: ಟ್ರಾಲಿಯ ಅಸಲಿ ಆರ್‌ಸಿ, ಫಾರಂ 29 ಎರಡು ಪ್ರತಿ, ಫಾರಂ 30, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ತೆರಿಗೆ ಕಟ್ಟಿದ ದಾಖಲೆ, ಇಬ್ಬರ ಆಧಾರ್, ಕೊಳ್ಳುವವರ ಪ್ಯಾನ್ ಅಥವಾ ಪ್ಯಾನ್ ಇಲ್ಲದವರು ಕೊಡುವ ಫಾರಂ 60, ಫೋಟೋ, ಚಾಸಿ ಪ್ರಿಂಟ್. ಸಾಲ ಇದ್ದಿದ್ದರೆ ಫಾರಂ 35. ಹೊಗೆ ತಪಾಸಣೆ ಪತ್ರ ಟ್ರಾಲಿಗೆ ಬೇಡ, ಇಂಜಿನ್ನೇ ಇಲ್ಲವಲ್ಲ. ಆರ್‌ಸಿ ಕಳೆದಿದ್ದರೆ ಮೊದಲು ಪೊಲೀಸ್ ದೂರು, ಫಾರಂ 26ರಲ್ಲಿ ನಕಲು ಆರ್‌ಸಿ, ಆಮೇಲೆ ವರ್ಗಾವಣೆ.

ಫಾರಂ 29 ಮಾರಿದವರು ಕೊಡುವ ಮಾಹಿತಿ. ಫಾರಂ 30ರಲ್ಲಿ ಒಂದು ಭಾಗ ಮಾರುವವರದ್ದು, ಇನ್ನೊಂದು ಕೊಳ್ಳುವವರದ್ದು, ಜೊತೆಗೆ ಸಾಲ ಕೊಟ್ಟವರ ಒಪ್ಪಿಗೆಗೆ ಜಾಗ. ಇವನ್ನು ಖಾಲಿ ಬಿಟ್ಟು ಸಹಿ ಮಾತ್ರ ಹಾಕಿಕೊಡುವ ರೂಢಿ ಇದೆ ನೋಡಿ, ಎಲ್ಲ ರಗಳೆಯ ಬೇರು ಅದೇ. ಹಳೆ ಟ್ರ್ಯಾಕ್ಟರ್ ವ್ಯಾಪಾರಿಗಳು ಖಾಲಿ ಫಾರಂ ಇಟ್ಟುಕೊಂಡು ಟ್ರಾಲಿಯನ್ನು ಮೂರನೆಯವರಿಗೆ, ಅವರು ನಾಲ್ಕನೆಯವರಿಗೆ ದಾಟಿಸುತ್ತಾರೆ. ಕೊನೆಗೆ ಯಾರ ಹತ್ತಿರ ಇದೆ ಅಂತ ಮಾರಿದವರಿಗೇ ಗೊತ್ತಿರುವುದಿಲ್ಲ. ಕೊಳ್ಳುವವರ ಹೆಸರು, ವಿಳಾಸ, ತಾರೀಖು ಎಲ್ಲ ತುಂಬಿದ ಮೇಲೆಯೇ ಸಹಿ ಹಾಕಿ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಏಜೆಂಟರ ಕೈಯಲ್ಲಿ ಫಾರಂ ತುಂಬಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆದರೆ ಸಹಿ ನಿಮ್ಮ ಕಣ್ಣೆದುರಿಗೇ ಆಗಲಿ.

ಆನ್‌ಲೈನ್ ಕೆಲಸ ಕೇಂದ್ರ ಸರ್ಕಾರದ ಪರಿವಾಹನ್ ವೆಬ್‌ಸೈಟಿನ ವಾಹನ್ ವಿಭಾಗದಲ್ಲಿ. ಕರ್ನಾಟಕ ಆರಿಸಿ, ಆರ್‌ಟಿಒ ಆರಿಸಿ, ಟ್ರಾಲಿ ನಂಬರ್ ಮತ್ತು ಚಾಸಿ ನಂಬರಿನ ಕೊನೆಯ ಐದು ಅಕ್ಷರ ಹಾಕಿದರೆ ದಾಖಲೆಯಲ್ಲಿರುವ ಮೊಬೈಲ್‌ಗೆ ಒಟಿಪಿ ಬರುತ್ತದೆ. ಹೆಚ್ಚಿನವರು ಸಿಕ್ಕಿಬೀಳುವ ಜಾಗ ಇದೇ. ಆ ಮೊಬೈಲ್ ಯಾರದ್ದು? ಮಾರುವವರ ಹಳೆ ನಂಬರ್ ಬಂದಾಗಿರಬಹುದು, ಅಥವಾ ಶೋರೂಮಿನವರು ತಮ್ಮದನ್ನೇ ಕೊಟ್ಟಿರಬಹುದು. ಅದನ್ನು ಮೊದಲು ಸರಿಪಡಿಸಿಕೊಂಡೇ ಮುಂದಿನ ಹೆಜ್ಜೆ. ಆಮೇಲೆ ಮಾಲೀಕತ್ವ ವರ್ಗಾವಣೆ ಆರಿಸಿ, ಕೊಳ್ಳುವವರ ವಿವರ ತುಂಬಿ, ಕಾಗದ ಅಪ್‌ಲೋಡ್ ಮಾಡಿ, ಶುಲ್ಕ ಕಟ್ಟಿ, ರಸೀದಿ ಪ್ರಿಂಟ್ ತೆಗೆಯಿರಿ. ಎಚ್‌ಪಿ ತೆಗೆಯುವುದಿದ್ದರೆ ಅದನ್ನೂ ಮುಗಿಸಿಕೊಳ್ಳಿ. ಶುಲ್ಕ ಎಷ್ಟು ಅಂತ ಅರ್ಜಿಯೇ ತೋರಿಸುತ್ತದೆ, ಏಜೆಂಟ್ ಹೇಳಿದ ಮೊತ್ತವನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಟ್ರ್ಯಾಕ್ಟರ್‌ಗೆ ಒಂದು ಅರ್ಜಿ, ಟ್ರಾಲಿಗೆ ಇನ್ನೊಂದು. ಶುಲ್ಕವೂ ಎರಡು. ಕಬ್ಬು ಹೊಡೆಯುವವರು ಎರಡು ಟ್ರಾಲಿ ಇಟ್ಟುಕೊಂಡಿದ್ದರೆ ಒಟ್ಟು ಮೂರು.

ಅಸಲಿ ಕಾಗದ ಒಪ್ಪಿಸಲು ಆರ್‌ಟಿಒಗೆ ಹೋಗುವಾಗ ಮಾರುವವರನ್ನೂ ಕರೆದುಕೊಂಡು ಹೋಗಿ. ವಯಸ್ಸಾದವರ ಸಹಿ ಹಳೆ ದಾಖಲೆ ಜೊತೆ ಕೂಡದೆ ಅರ್ಜಿ ವಾಪಸ್ ಬರುವುದುಂಟು. ಹೆಬ್ಬೆಟ್ಟು ಒತ್ತುವವರಾದರೆ ಎದುರಿಗಿದ್ದರೇ ಸಲೀಸು.

ಮಾರುವವರು ಸಿಂಧನೂರಿನವರು, ಕೊಳ್ಳುವವರು ಕಾರಟಗಿಯವರು ಅಂದುಕೊಳ್ಳಿ. ರಾಯಚೂರಿನ ಕೆಎ-36 ಗಾಡಿ ಕೊಪ್ಪಳ ಆರ್‌ಟಿಒ ಕಡೆ ಬರುತ್ತದೆ, ಆದರೆ ನಂಬರ್ ಬದಲಾಗಿ ಕೆಎ-37 ಆಗುವುದಿಲ್ಲ. ರಾಜ್ಯದೊಳಗೆ ನಂಬರ್ ಅದೇ ಇರುತ್ತದೆ. ಬಳ್ಳಾರಿಯ ಕೆಎ-34, ಹೊಸಪೇಟೆಯ ಕೆಎ-35ಕ್ಕೂ ಇದೇ ಮಾತು.

ಆದೋನಿ, ಗದ್ವಾಲ ಕಡೆಯಿಂದ ತಂದರೆ

ಗಡಿ ಕಡೆಯವರಾದ ನಮಗೆ ಆಂಧ್ರ, ತೆಲಂಗಾಣದಿಂದ ಗಾಡಿ ತರುವುದು ದಿನನಿತ್ಯದ ವ್ಯಾಪಾರ. ಕರ್ನೂಲು ಜಿಲ್ಲೆಯ ಎಪಿ-21, ಅನಂತಪುರದ ಎಪಿ-02 ನಂಬರಿನ ಹಳೆ ಟ್ರಾಲಿಗಳು ಬಳ್ಳಾರಿ, ರಾಯಚೂರಿನಲ್ಲಿ ಓಡಾಡುವುದನ್ನು ನೋಡಿಯೇ ಇರುತ್ತೀರಿ. ಹೊರರಾಜ್ಯದ್ದಾದರೆ ಅಲ್ಲಿಯ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ತೆಗೆಸಬೇಕು. ಅದನ್ನು ತೆಗೆಸಿಕೊಡುವುದು ಮಾರುವವರ ಕೆಲಸ, ಪೂರ್ತಿ ಹಣ ಅದು ಕೈಗೆ ಬಂದ ಮೇಲೆ. ಇಲ್ಲಿಗೆ ತಂದು ಹೊಸ ನಂಬರಿಗೆ ಫಾರಂ 27ರಲ್ಲಿ ಅರ್ಜಿ, ನಮ್ಮ ರಾಜ್ಯದ ತೆರಿಗೆ, ಇನ್‌ಸ್ಪೆಕ್ಟರ್ ತಪಾಸಣೆ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇರುವುದಾದರೆ ಇಲ್ಲಿಯ ನಂಬರ್ ಪಡೆಯಲೇಬೇಕು. ಅಗ್ಗಕ್ಕೆ ಸಿಕ್ಕಿತು ಅನ್ನುವ ಮುಂಚೆ ಈ ತೆರಿಗೆ, ಓಡಾಟ ಎಲ್ಲ ಕೂಡಿಸಿ ಲೆಕ್ಕ ಹಾಕಿ. ಎಷ್ಟೋ ಸಲ ಇಲ್ಲಿಯ ಟ್ರಾಲಿಯೇ ಅಗ್ಗ ಬೀಳುತ್ತದೆ.

ಮಾಲೀಕರು ತೀರಿಕೊಂಡಿದ್ದರೆ, ಹರಾಜಿನಲ್ಲಿ ತಂದರೆ

ಅಪ್ಪನ ಹೆಸರಿನ ಟ್ರಾಲಿಯನ್ನು ಮಗ ನೇರವಾಗಿ ಮಾರಲು ಬರುವುದಿಲ್ಲ. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು. ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ಮೂರು ತಿಂಗಳ ತನಕ ಗಾಡಿ ಬಳಸಬಹುದು, ಅಷ್ಟರೊಳಗೆ ಅರ್ಜಿ ಹಾಕಬೇಕು. ಅಕ್ಕ ತಂಗಿಯರ ಸಹಿ ಬೇಡ ಅಂತ ಯಾರಾದರೂ ಅಂದರೆ ಅಂಥ ಟ್ರಾಲಿ ಕೊಳ್ಳಬೇಡಿ.

ಹರಾಜಿನಲ್ಲಿ ತಂದದ್ದಾದರೆ ಫಾರಂ 32, ಗಾಡಿ ಕೈಗೆ ಬಂದ 30 ದಿನದೊಳಗೆ. ಹರಾಜು ನಡೆಸಿದವರ ಆದೇಶ ಪತ್ರದಲ್ಲಿ ಟ್ರಾಲಿಯ ಚಾಸಿ ನಂಬರ್ ಇದೆಯಾ ನೋಡಿಯೇ ಹಣ ಕಟ್ಟಿ. ಯಾರ್ಡಿನಲ್ಲಿ ಒಬ್ಬರ ಟ್ರ್ಯಾಕ್ಟರ್‌ಗೆ ಇನ್ನೊಬ್ಬರ ಟ್ರಾಲಿ ಜೋಡಿಸಿ ನಿಲ್ಲಿಸಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ.

ಹಣ, ಡೆಲಿವರಿ

ಆರ್‌ಸಿ ಹೆಸರು ಬದಲಾಗುವ ತನಕ ಸ್ವಲ್ಪ ಹಣ ಹಿಡಿದಿಡುವುದು ಇಬ್ಬರಿಗೂ ಒಳ್ಳೆಯದು. ಎಷ್ಟು, ಯಾವಾಗ ಕೊಡುವುದು ಅಂತ ಖರೀದಿ ಪತ್ರದಲ್ಲೇ ಬರೆಸಿ. ಅದೇ ಪತ್ರದಲ್ಲಿ ಟ್ರ್ಯಾಕ್ಟರ್ ನಂಬರ್, ಟ್ರಾಲಿ ನಂಬರ್, ಎರಡರ ಚಾಸಿ ನಂಬರ್, ಎರಡರ ಬೆಲೆ ಬೇರೆ ಬೇರೆಯಾಗಿ ಬರಲಿ. ಗಾಡಿ ಒಪ್ಪಿಸಿದ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿ. ಬೆಳಿಗ್ಗೆ ಮಾರಿದ ಟ್ರಾಲಿ ಸಂಜೆ ಎಲ್ಲೋ ಗುದ್ದಿದರೆ ಆ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಇನ್ಶೂರೆನ್ಸ್ ಮತ್ತು ನಂಬರ್ ಬರೆಸುವುದು

ಮಾರಾಟವಾದ 14 ದಿನದೊಳಗೆ ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು ಕಂಪನಿಗೆ ಅರ್ಜಿ ಕೊಡಬೇಕು. ಮೂರನೆಯವರಿಗೆ ಆಗುವ ಹಾನಿಯ ಮಟ್ಟಿಗೆ ಪಾಲಿಸಿ ತಾನಾಗಿಯೇ ವರ್ಗವಾಗಿದೆ ಅಂತ ಕಾನೂನು ಲೆಕ್ಕ ಹಿಡಿಯುತ್ತದೆ. ನಿಮ್ಮ ಗಾಡಿಗೇ ಆದ ಹಾನಿಗೆ ಆ ಸವಲತ್ತು ಇಲ್ಲ. ಪಾಲಿಸಿ ಹಾಳೆಯಲ್ಲಿ ಟ್ರಾಲಿಯ ನಂಬರ್ ಇದೆಯಾ, ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಿದೆಯಾ ಓದಿ ನೋಡಿ. ಟ್ರ್ಯಾಕ್ಟರ್‌ಗೆ ಮಾತ್ರ ಇನ್ಶೂರೆನ್ಸ್ ಇತ್ತು, ಟ್ರಾಲಿಗೆ ಇರಲಿಲ್ಲ ಅನ್ನುವ ತಕರಾರು ಅಪಘಾತ ಪರಿಹಾರದ ಕೇಸುಗಳಲ್ಲಿ ಪದೇ ಪದೇ ಬರುತ್ತದೆ. ಟ್ರ್ಯಾಕ್ಟರ್ ಮಾರಿ ಟ್ರಾಲಿ ಉಳಿಸಿಕೊಂಡಿದ್ದರೆ, ಹೊಸ ಟ್ರ್ಯಾಕ್ಟರ್‌ಗೆ ಕಟ್ಟುವ ಮುಂಚೆ ಅದರ ಪಾಲಿಸಿಗೆ ಈ ಟ್ರಾಲಿಯನ್ನು ಸೇರಿಸಿಕೊಳ್ಳಿ. ಇನ್ನೊಂದು ಮಾತು, ಕೂಲಿಯವರನ್ನೋ ಮದುವೆ ದಿಬ್ಬಣವನ್ನೋ ಟ್ರಾಲಿಯಲ್ಲಿ ಕೂರಿಸಿ ಹೋಗಲು ಯಾವ ಕೃಷಿ ಟ್ರಾಲಿ ಪಾಲಿಸಿಯೂ ಒಪ್ಪುವುದಿಲ್ಲ.

ಹೊಸ ಆರ್‌ಸಿ ಬಂದಾಗ ಹೆಸರಿನ ಅಕ್ಷರ, ತಂದೆ ಹೆಸರು, ಚಾಸಿ ನಂಬರ್ ನೋಡಿ, ಬ್ಯಾಂಕಿನ ಕಾಲಂ ಖಾಲಿ ಇದೆಯಾ ನೋಡಿ. ತಪ್ಪಿದ್ದರೆ ಅದೇ ವಾರ ಹೋಗಿ ಹೇಳಿ.

ಆಮೇಲೆ ಪೇಂಟರ್ ಕೆಲಸ. ಟ್ರಾಲಿಯ ಸ್ವಂತ ನಂಬರ್ ಅದರ ಪಕ್ಕಕ್ಕೆ ಬರಬೇಕು, ಹಿಂಬದಿಗೆ ಅದನ್ನು ಎಳೆಯುವ ಟ್ರ್ಯಾಕ್ಟರ್‌ನ ನಂಬರ್ ಬರಬೇಕು ಅಂತ 61ನೇ ಸೆಕ್ಷನ್ ಹೇಳುತ್ತದೆ. ಎರಡು ಟ್ರಾಲಿ ಕಟ್ಟಿದ್ದರೆ ಕೊನೆಯದರ ಹಿಂದೆ. ಟ್ರಾಲಿ ಮಾತ್ರ ಕೊಂಡವರು ಹಿಂದೆ ಬರೆದಿರುವ ಹಳೆ ಮಾಲೀಕರ ಟ್ರ್ಯಾಕ್ಟರ್ ನಂಬರ್ ಅಳಿಸಿ ತಮ್ಮದನ್ನು ಬರೆಸಬೇಕು. ಮಾರುವವರೂ ಇದನ್ನು ಬಿಟ್ಟುಕೊಡಬೇಡಿ, ಗಾಡಿ ಅಂಗಳ ಬಿಡುವ ಮುಂಚೆ ನಿಮ್ಮ ಟ್ರ್ಯಾಕ್ಟರ್ ನಂಬರಿನ ಮೇಲೆ ನೀವೇ ಬಣ್ಣ ಬಳಿಸಿಬಿಡಿ.